ಹಬ್ಬ ಶನಿವಾರಕ್ಕೆ ಕಾಯುತ್ತಾ?

ನೀವು ಊರು ಬಿಟ್ಟು ಪರದೇಶಕ್ಕೆ ಬಂದು ಎಂಟು ತಿಂಗಳಾಯಿತು, ಮೂರು ಹಬ್ಬ ಹೇಗೆ ಬಂದು ಹೇಗೆ ಹೋದವೋ ಗೊತ್ತಾಗಲಿಲ್ಲ ಅಂದಿರಿ. ಮಗಳಿಗೆ ಐದು ವರ್ಷ. ಮನೆಯ ಪದ್ಧತಿ ನಮ್ಮ ಕಾಲಕ್ಕೇ ನಿಂತುಹೋಗುತ್ತಾ ಅಂತ ನಿಮ್ಮ ಭಯ. ನಾವು ಬಂದು 17 ವರ್ಷ ಆಯಿತು. ಇದೇ ಭಯಕ್ಕೆ ಮೊದಲ ಮೂರು ವರ್ಷ ನಾನು ಊರಲ್ಲಿ ಮಾಡುತ್ತಿದ್ದದ್ದನ್ನೆಲ್ಲ ಒಂದೂ ಬಿಡದೆ ಮಾಡಿದೆ. ತಪ್ಪು ಮಾಡಿದ್ದು ಅಲ್ಲೇ.

ಊರಲ್ಲಿ ಹಬ್ಬದ ಕೆಲಸಕ್ಕೆ ಅಮ್ಮ, ಅತ್ತಿಗೆ, ಚಿಕ್ಕಮ್ಮ ಅಂತ ಆರು ಜನ ಇದ್ದರು. ಇಲ್ಲಿ ನಾನೊಬ್ಬಳೇ, ಅದೂ ಆಫೀಸು ಮುಗಿಸಿ ಬಂದ ಮೇಲೆ. ಮೂರನೇ ವರ್ಷ ಎಲ್ಲ ಮುಗಿಯುವಾಗ ರಾತ್ರಿ ಹನ್ನೊಂದು. ಮಗ ನಿದ್ದೆ ಹೋಗಿದ್ದ. ನನ್ನ ಗಂಡ ಊರಿಗೆ ಕಳಿಸೋಕೆ ಫೋಟೊ ತೆಗೆಯುತ್ತಿದ್ದರು. ನನಗೆ ಅಳು ಬಂದುಬಿಟ್ಟಿತು. ಫೋಟೊದಲ್ಲಿ ಮಾತ್ರ ಹಬ್ಬ ಜೋರಾಗಿಯೇ ಇತ್ತು! ಅದಕ್ಕೇ ಯಾವುದನ್ನು ಉಳಿಸಬೇಕು ಅಂತ ಯೋಚಿಸುವ ಮೊದಲು ಅದರ ಕೆಲಸ ಯಾರ ತಲೆಗೆ ಬರುತ್ತದೆ ಅಂತ ನೋಡಿಕೊಳ್ಳಿ. ಗಂಡ ಹೆಂಡತಿ ಕೂತು, ಬಾಯಿಬಿಟ್ಟು ಮಾತಾಡಿ.

ಮರುವರ್ಷ ಹಬ್ಬವನ್ನು ಶನಿವಾರಕ್ಕೆ ತಳ್ಳಿದೆವು. ಚಂದ್ರನ ಲೆಕ್ಕದ 12 ತಿಂಗಳಿಗೆ ಸುಮಾರು 354 ದಿನ, ಆಫೀಸಿನ ಕ್ಯಾಲೆಂಡರಿಗೆ 365. ಹಾಗಾಗಿ ಚಂದ್ರನನ್ನು ನೋಡಿಕೊಂಡು ಬರುವ ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬರುತ್ತದೆ, ಅಧಿಕ ಮಾಸ ಬಂದರೆ ಮತ್ತೆ ಮುಂದಕ್ಕೆ ಹೋಗುತ್ತದೆ. ಇಲ್ಲಿನ ರಜೆಗೂ ಅದಕ್ಕೂ ಹೊಂದಿಕೆಯಾಗುವುದು ಅಪರೂಪ. ಇದನ್ನೆಲ್ಲ ವಿವರಿಸಿದರೂ ಅಮ್ಮ ಒಪ್ಪಲಿಲ್ಲ. "ಹಬ್ಬ ಶನಿವಾರಕ್ಕೆ ಕಾಯುತ್ತೇನೇ?" ಅಂದವರು ಎರಡು ದಿನ ಫೋನೇ ಎತ್ತಲಿಲ್ಲ.

ಮೂರನೇ ದಿನ ಎತ್ತಿದ್ದು ಅಪ್ಪ. ಮಾತು ಎಲ್ಲೆಲ್ಲೋ ಹೋಗಿ ನಮ್ಮ ಮನೆಯ ಒಂದು ನಿಯಮಕ್ಕೆ ಬಂತು. ಹಬ್ಬದ ರಾತ್ರಿ ಒಂಬತ್ತಾಗದೆ ನಮ್ಮಲ್ಲಿ ಯಾರೂ ಊಟಕ್ಕೆ ಕೂರುವ ಹಾಗಿರಲಿಲ್ಲ. ಹಸಿದುಕೊಂಡೇ ಬೆಳೆದವಳು ನಾನು. ಅದೇನೋ ದೊಡ್ಡ ಶಾಸ್ತ್ರ ಅಂದುಕೊಂಡಿದ್ದೆ. ಅಪ್ಪ ನಕ್ಕರು. "ಶಾಸ್ತ್ರಾನೂ ಇಲ್ಲ, ಏನೂ ಇಲ್ಲ ಕಣೇ. ನಿನ್ನ ದೊಡ್ಡಪ್ಪನ ಡ್ಯೂಟಿ ಅದು. ಬಸ್ಸಿನ ಕೊನೇ ಟ್ರಿಪ್ ಮುಗಿಸಿ ಒಂಬತ್ತಕ್ಕೆ ಬರ್ತಿದ್ದ. ಅವನು ಬರೋವರೆಗೂ ಯಾರೂ ಕೂರಬಾರದು ಅಂತ ನಮ್ಮಪ್ಪ ಹೇಳಿದ್ದು." ದೊಡ್ಡಪ್ಪ ರಿಟೈರ್ ಆದರೂ ಒಂಬತ್ತು ಗಂಟೆ ಹಾಗೇ ಉಳಿದಿತ್ತು!

ಅವತ್ತಿನಿಂದ ನಾವು ಒಂಬತ್ತು ಗಂಟೆಯನ್ನು ಬಿಟ್ಟು, ಕೊನೆಯವರು ಮನೆಗೆ ಬರುವವರೆಗೆ ಕಾಯುವುದನ್ನು ಇಟ್ಟುಕೊಂಡೆವು. ಈಗ ಎಷ್ಟೋ ಸಲ ಆ ಕೊನೆಯವಳು ನಾನೇ.

ನಿಮ್ಮ ಮನೆಯದ್ದರ ಹಿಂದೆಯೂ ಇಂಥ ಕಥೆ ಇದ್ದೀತು. ದೊಡ್ಡವರು ಇರುವಾಗಲೇ ಕೇಳಿಟ್ಟುಕೊಳ್ಳಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಶ್ ಅನ್ನುವ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಕೇಳಿ ನೋಡಿದ್ದಾರೆ. ಅಪ್ಪ ಅಮ್ಮ ಹೇಗೆ ಪರಿಚಯವಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಇಂಥವು. ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಭರವಸೆಯೂ ಜಾಸ್ತಿ ಇತ್ತು. ಹಾಗಂತ ಉತ್ತರ ಬಾಯಿಪಾಠ ಮಾಡಿಸಿದರೆ ಆಗುವುದಲ್ಲ ಇದು. ಮನೆಯವರು ಕೂತು ಮಾತಾಡುತ್ತಾರಲ್ಲ, ಫಲ ಅದರದ್ದು ಅಂತ ಅವರೇ ಹೇಳುತ್ತಾರೆ.

ಫೋನಿನ ವಿಷಯ ಒಂದು. ವಾರದ ಫೋನ್ ಟೈಮನ್ನು ಊರಿನ ಗಡಿಯಾರಕ್ಕೆ ಹೊಂದಿಸಿ. ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವ ದೇಶದಲ್ಲಿದ್ದರೆ ಒಂದು ಗಂಟೆ ಆಚೀಚೆ ಆಗುತ್ತೆ. ಅಲ್ಲಿ ವಯಸ್ಸಾದವರು ಫೋನ್ ಹಿಡಿದು ಸುಮ್ನೆ ಕಾಯುತ್ತಾರೆ.

ಇನ್ನು ಹೊಸ ಪದ್ಧತಿಯ ಮಾತು. ನಾನು ಬಹಳ ಯೋಚಿಸಿ ಶುರು ಮಾಡಿದ್ದೊಂದಿತ್ತು: ಪ್ರತಿ ಭಾನುವಾರ ಸಂಜೆ ಎಲ್ಲರೂ ಆ ವಾರದ ಒಂದು ಒಳ್ಳೆಯ ಸಂಗತಿ ಹೇಳಬೇಕು, ನಾನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಐದು ವಾರ ನಡೆಯಿತು. ಆರನೇ ವಾರ ಮಗ "ಪ್ರೆಸೆಂಟ್ ಮಿಸ್" ಅಂದ. ನೋಟ್‌ಬುಕ್ ಮುಚ್ಚಿದೆ.

ಯೋಚಿಸದೆ ಬಂದದ್ದು ಮಾತ್ರ ನಿಂತಿತು. ಬಂದ ಮೊದಲ ರಾತ್ರಿ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಕುರ್ಚಿ ಕೂಡ ಇರಲಿಲ್ಲ. ಮೂವರೂ ಹಾಲಿನಲ್ಲಿ ಚಾದರ ಹಾಸಿಕೊಂಡು ಮಲಗಿದ್ದೆವು. ಎರಡು ವರ್ಷದ ಮಗ ನಡುವೆ. ನಾಲ್ಕು ವರ್ಷ ಕಳೆದು ಅದೇ ತಾರೀಖಿಗೆ ಮನೆ ಬದಲಾಯಿಸುತ್ತಿದ್ದೆವು, ಮತ್ತೆ ನೆಲವೇ ಗತಿ. ಆ ರಾತ್ರಿ ಅವನಿಗೆ ಮೊದಲ ರಾತ್ರಿಯ ಕಥೆ ಹೇಳಿದೆವು. ಮುಂದಿನ ವರ್ಷ ಆ ದಿನ ನನಗೆ ಮರೆತೇ ಹೋಗಿತ್ತು. ಅವನೇ ದಿಂಬು ಎತ್ತಿಕೊಂಡು ಹಾಲಿಗೆ ಬಂದು, "ಇವತ್ತು ನೆಲ ಅಲ್ವಾ?" ಅಂದ. ಅಲ್ಲಿಂದ ಒಂದು ವರ್ಷವೂ ತಪ್ಪಿಲ್ಲ. ನನ್ನ ಗಂಡನ ಬೆನ್ನು ಮಾತ್ರ ಮಾರನೇ ದಿನ ತಕರಾರು ಮಾಡುತ್ತದೆ.

ಈ ವರ್ಷ ಮಗ ಹಾಸ್ಟೆಲ್‌ನಲ್ಲಿದ್ದಾನೆ. ಆ ರಾತ್ರಿ ನಾವಿಬ್ಬರೇ ಚಾದರ ಹಾಸುತ್ತಿದ್ದಾಗ ಅವನಿಂದ ಒಂದು ಫೋಟೊ ಬಂತು. ಮಂಚ ಖಾಲಿ, ದಿಂಬು ನೆಲದ ಮೇಲೆ. ಕೆಳಗೆ ಬರೆದಿದ್ದ: "ಅಮ್ಮಾ, ರೂಮ್‌ಮೇಟ್ ಯಾಕೆ ಅಂತ ಕೇಳ್ತಿದಾನೆ. ಏನಂತ ಹೇಳ್ಲಿ?"