ಹತ್ತಕ್ಕೆ ನಾಲ್ಕು

ಜುಲೈ ತಿಂಗಳ ಮಡಿಕೇರಿ ಮಳೆ ಗೊತ್ತಲ್ವಾ. ಕೊಡೆ ಹಿಡಿದರೂ ಮೊಣಕಾಲಿನ ಕೆಳಗೆಲ್ಲ ಒದ್ದೆ. ಅಂಥದ್ದೊಂದು ಬೆಳಗ್ಗೆ ಸುಮಿತ್ರಾ ನನ್ನ ಆಪ್ತಸಲಹೆಯ ಕೋಣೆಗೆ ಬಂದರು. ಹೆಸರು ಅದಲ್ಲ, ಊರಿನ ಗುರುತನ್ನೂ ಸ್ವಲ್ಪ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 39. ಸುಂಟಿಕೊಪ್ಪ ಕಡೆಯವರು. ಮೂರು ಎಕರೆ ರೊಬಸ್ಟಾ ಕಾಫಿ ತೋಟ. ಮನೆಯಲ್ಲಿ ಗಂಡ, ಅತ್ತೆ, ಮಾವ, ಪಿಯುಸಿ ಓದುವ ಮಗಳು. ಒಂದು ತಿಂಗಳಿಂದ ನಿದ್ದೆ ಇಲ್ಲ, ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚೋದಿಲ್ಲ ಅಂದರು. ಊಟ, ತೂಕ, ಮನಸ್ಸಿನ ಭಾರ ಎಲ್ಲ ಕೇಳಿದೆ. ಔಷಧಿ ಬೇಕಾಗುವ ಹಂತಕ್ಕೆ ಹೋದಂತೆ ಕಾಣಲಿಲ್ಲ. ಇನ್ನೆರಡು ವಾರ ಹೀಗೇ ಇದ್ದರೆ ಮನೋವೈದ್ಯರನ್ನು ನೋಡೋಣ ಎಂದು ಮಾತ್ರ ಹೇಳಿದೆ.

ಆಮೇಲೆ ಬ್ಯಾಗಿನಿಂದ ಒಂದು ಕಾಗದ ತೆಗೆದರು. ಮಳೆಗೆ ನೆನೆಯದಿರಲಿ ಎಂದು ಹಾಲಿನ ಕವರಿನಲ್ಲಿ ಮಡಚಿ ಇಟ್ಟಿದ್ದರು. ಒಂದು ದಿನದ ಕಾರ್ಯಾಗಾರದಲ್ಲಿ ಕೊಟ್ಟದ್ದಂತೆ. ಮೇಲೆ ದಪ್ಪ ಅಕ್ಷರದಲ್ಲಿ ‘ಯಶಸ್ವಿ ಉದ್ಯಮಿಯ ಹತ್ತು ಗುಣಗಳು’. ಪಕ್ಕದಲ್ಲಿ ಹೌದು, ಇಲ್ಲ. ಶ್ರಮ, ತಾಳ್ಮೆ, ಪ್ರಾಮಾಣಿಕತೆ, ಸಮಯಪಾಲನೆ, ಈ ನಾಲ್ಕಕ್ಕೆ ಹೌದು ಎಂದು ಗುರುತು ಹಾಕಿದ್ದರು. ಧೈರ್ಯ, ಹೊಸತನ, ನಾಯಕತ್ವ, ಆತ್ಮವಿಶ್ವಾಸ, ದೂರದೃಷ್ಟಿ, ಮಾತುಗಾರಿಕೆಗೆ ಇಲ್ಲ.

“ಏಳಕ್ಕಿಂತ ಕಡಿಮೆ ಬಂದವರು ಇನ್ನೂ ತಯಾರಾಗಿಲ್ಲ ಅಂದ್ರು ಮೇಡಂ. ನನಗೆ ನಾಲ್ಕು.”

ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತೋರಿಸುವ ಹುಡುಗಿಯ ಹಾಗಿತ್ತು ಮುಖ. ಇಂಥ ಪಟ್ಟಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡೋದಿಲ್ಲ. ಆದರೆ ಅದನ್ನು ಅವರ ಮುಂದೆ ಹರಿದು ಹಾಕಿದ್ದರೆ ಅವರ ದುಃಖವನ್ನೇ ಸಣ್ಣದು ಮಾಡಿದಂತಾಗುತ್ತಿತ್ತು. ಇಟ್ಟುಕೊಳ್ಳಿ, ಆಮೇಲೆ ನೋಡೋಣ ಎಂದೆ.

ನಡೆದದ್ದು ಇಷ್ಟು. ಐದು ತಿಂಗಳಿಂದ ಮನೆ ಕಾಫಿಯನ್ನು ಹುರಿಸಿ, ಪುಡಿ ಮಾಡಿಸಿ, ಕಾಲು ಕೆಜಿ ಪ್ಯಾಕೆಟ್ ಮಾಡಿ ಮಾರುತ್ತಿದ್ದರು. ನೆಂಟರು, ಮಗಳ ಗೆಳತಿಯರ ಮನೆಯವರು, ನಾಲ್ಕೈದು ಅಂಗಡಿ. ಒಟ್ಟು ಸುಮಾರು 60 ಕೆಜಿ ಹೋಗಿತ್ತು. ಜೂನ್ ಮೊದಲ ವಾರ ಒಂದು ಹೋಂಸ್ಟೇಯವರು 12 ಪ್ಯಾಕೆಟ್ ತೆಗೆದುಕೊಂಡು, ಹತ್ತು ದಿನ ಬಿಟ್ಟು ಅಷ್ಟನ್ನೂ ವಾಪಸ್ ಕಳಿಸಿದರು. ಪುಡಿ ಗಟ್ಟಿ ಕಟ್ಟಿತ್ತು. ಪ್ಯಾಕೆಟ್ ತಂದ ಡ್ರೈವರ್ ಅಂಗಳದಲ್ಲಿ ನಿಂತು, ಅತ್ತೆ ಮಾವನ ಎದುರಿಗೇ, “ಅತಿಥಿಗಳು ಕುಡಿಯೋದಿಲ್ಲ ಅಂದ್ರಂತೆ” ಎಂದು ಹೇಳಿ ಹೋದ. ಆ ದಿನದಿಂದ ಸುಮಿತ್ರಾ ಯಾವ ಅಂಗಡಿಗೂ ಹೋಗಿರಲಿಲ್ಲ.

ಇದರ ನಡುವೆ ಅವರ ಅಣ್ಣನ ಒತ್ತಾಯ ಬೇರೆ. ಸ್ವಂತ ಹುರಿಯುವ ಯಂತ್ರ ಹಾಕು, ಎಂಟು ಲಕ್ಷ ಆಗುತ್ತೆ, ಸಬ್ಸಿಡಿ ಇದೆ, ತೋಟದ ಪತ್ರ ಇಟ್ಟರೆ ಬ್ಯಾಂಕ್ ಕೊಡುತ್ತೆ. ರಿಸ್ಕ್ ತಗೊಳ್ಳದವಳು ಉದ್ಯಮಿ ಹೇಗಾಗ್ತೀಯ?

ಮೊದಲ ದಿನ ನಾನು ವ್ಯವಹಾರದ ಮಾತೇ ಎತ್ತಲಿಲ್ಲ. ವಾಪಸ್ ಬಂದ ಆ 12 ಪ್ಯಾಕೆಟ್ ಏನು ಮಾಡಿದಿರಿ ಎಂದಷ್ಟೇ ಕೇಳಿದೆ. ಸುಮ್ಮನೆ ಕುತೂಹಲಕ್ಕೆ ಕೇಳಿದ ಪ್ರಶ್ನೆ ಅದು. ಅವರು ಸಂಕೋಚಪಡುತ್ತಾ ಹೇಳಿದರು.

ತಾವು ಪ್ಯಾಕೆಟ್ಟಿನ ಬಾಯಿಯನ್ನು ಮೇಣದ ಬತ್ತಿಯಲ್ಲಿ ಸುಟ್ಟು ಅಂಟಿಸುತ್ತಿದ್ದರಂತೆ. ತಪ್ಪು ಅಲ್ಲೇ ಇರಬೇಕು ಅನ್ನಿಸಿತು. ಪಕ್ಕದ ಅಂಗಡಿಯಿಂದ ಸೀಲಿಂಗ್ ಮಷಿನ್ ಒಂದು ದಿನಕ್ಕೆ ಕೇಳಿ ತಂದರು. ಮೂರು ಪ್ಯಾಕೆಟ್ ಮಾಡಿದರು. ಒಂದು ಬತ್ತಿಯಲ್ಲಿ ಅಂಟಿಸಿದ್ದು, ಒಂದು ಮಷಿನ್‌ನಲ್ಲಿ, ಇನ್ನೊಂದು ದಪ್ಪ ಬೆಳ್ಳಿ ಬಣ್ಣದ ಕವರಿಗೆ ಹಾಕಿ ಮಷಿನ್‌ನಲ್ಲಿ. ಮೂರನ್ನೂ ಅಡುಗೆಮನೆ ಕಿಟಕಿಯ ಹತ್ತಿರ, ಮಳೆಗಾಳಿ ತಾಗುವ ಕಡೆ ತೂಗು ಹಾಕಿದರು. ಮೇಲೆ ಕ್ಯಾಲೆಂಡರ್. ದಿನಾ ಬೆಳಗ್ಗೆ ಹಿಸುಕಿ ನೋಡಿ ಗುರುತು ಹಾಕುವುದು. ಬತ್ತಿಯದ್ದು ಒಂಬತ್ತನೇ ದಿನಕ್ಕೆ ಗಂಟುಗಂಟಾಯಿತು. ಮಷಿನ್‌ನದ್ದು 20 ದಿನ ತಡೆಯಿತು. ಬೆಳ್ಳಿ ಕವರಿನದ್ದು ಅವರು ನನ್ನ ಹತ್ತಿರ ಬಂದ ದಿನವೂ ಪುಡಿಪುಡಿಯಾಗೇ ಇತ್ತು.

“ಇದನ್ನು ಯಾರಿಗಾದರೂ ಹೇಳಿದಿರಾ?”

“ಇದ್ರಲ್ಲಿ ಹೇಳೋದೇನಿದೆ ಮೇಡಂ. ಮರ್ಯಾದೆ ಹೋದ್ಮೇಲೆ ನೋಡ್ಕೊಂಡಿದ್ದು.”

ಆಗ ಕಾಗದ ಹೊರಗೆ ತೆಗೆಸಿದೆ. ‘ಹೊಸತನ’ ಎಂಬಲ್ಲಿ ಇಲ್ಲ ಎಂದಿದೆ. ‘ಆತ್ಮವಿಶ್ವಾಸ’ಕ್ಕೂ ಇಲ್ಲ. ಅವಮಾನವಾದ ಮಾರನೇ ದಿನವೇ ತಪ್ಪು ಎಲ್ಲಿದೆ ಎಂದು ಹುಡುಕಲು ಹೊರಟವರ ಕೈಬರಹ ಅದು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಹೊಸತನ ಎಂದರೆ ಏನೋ ಭಾರೀ ಆವಿಷ್ಕಾರ ಎಂದು ನಮ್ಮ ತಲೆಯಲ್ಲಿ ಕೂತಿದೆ. ಉದ್ಯಮಶೀಲತೆ ಬಗ್ಗೆ ಆಳವಾಗಿ ಯೋಚಿಸಿದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಲ್ಲೇ ಹೇಳಿದ್ದು ಬೇರೆ. ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ಸಾಮಾನಿನ ಹೊಸ ಮೂಲ, ಕೆಲಸವನ್ನು ಜೋಡಿಸುವ ಹೊಸ ರೀತಿ, ಇವುಗಳಲ್ಲಿ ಯಾವುದಾದರೂ ಸರಿ. ಚೀಲಗಟ್ಟಲೆ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುತ್ತಿದ್ದ ಮನೆಯಿಂದ ಕಾಲು ಕೆಜಿ ಪುಡಿ ಹೊರಗೆ ಹೋಗುವುದೂ ಆ ಲೆಕ್ಕಕ್ಕೆ ಸೇರುತ್ತದೆ.

ಎರಡನೇ ಭೇಟಿಗೆ ಲೆಕ್ಕದ ಪುಸ್ತಕ ತರಲು ಹೇಳಿದ್ದೆ. ಇಲ್ಲಿ ಮಾತ್ರ ನನಗೇ ಗಾಬರಿಯಾಯಿತು. ಕೆಜಿಗೆ 450 ರೂಪಾಯಿಯಂತೆ ಮಾರಾಟ. ಸಿಪ್ಪೆ ತೆಗೆಸಿ, ಹುರಿಸಿ, ಪುಡಿ ಮಾಡಿಸಿ, ಕವರು, ಬಸ್ಸು ಎಲ್ಲ ಸೇರಿ ಕೆಜಿಗೆ 70 ಖರ್ಚು. ಲಾಭ 380 ಎಂದು ಬರೆದಿದ್ದರು.

“ಕಾಫಿಯ ಬೆಲೆ ಎಲ್ಲಿ?”

“ಮನೆ ಕಾಫಿ ಅಲ್ವಾ ಮೇಡಂ.”

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಊರಿನ ವ್ಯಾಪಾರಿ ಆಗ 50 ಕೆಜಿ ಒಣ ಚೆರ್ರಿ ಚೀಲಕ್ಕೆ 9,000 ಆಸುಪಾಸು ಕೊಡುತ್ತಿದ್ದ. ಅವರ ಕಾಫಿಗೆ ಔಟ್‌ಟರ್ನ್ 26, ಅಂದರೆ ಒಂದು ಚೀಲಕ್ಕೆ 26 ಕೆಜಿ ಬೀಜ. ಹುರಿದರೆ ತೂಕ ಇಳಿಯುತ್ತದೆ, ಕೈಗೆ ಬರುವುದು 22 ಕೆಜಿ. ಒಂಬತ್ತು ಸಾವಿರವನ್ನು 22ರಿಂದ ಭಾಗಿಸಿದರೆ 409. ಅದಕ್ಕೆ 70 ಸೇರಿಸಿದರೆ 479. ಮಾರಿದ್ದು 450ಕ್ಕೆ. ಕೆಜಿಗೆ 29 ರೂಪಾಯಿ ನಷ್ಟ, ತಮ್ಮ ಕೂಲಿ ಹಿಡಿಯದೆಯೇ. ಐದು ತಿಂಗಳು ಕೈಯಲ್ಲಿ ನೋಟು ಓಡಾಡುತ್ತಿದ್ದರಿಂದ ಗೊತ್ತೇ ಆಗಿರಲಿಲ್ಲ.

ಅಳಬಹುದು ಅಂದುಕೊಂಡಿದ್ದೆ. ನಕ್ಕುಬಿಟ್ಟರು. “ಹಂಗಾದ್ರೆ ಜಾಸ್ತಿ ಮಾರಿದ್ದಿದ್ರೆ ಜಾಸ್ತಿ ಹೋಗ್ತಿತ್ತು!” ಅಂದರು. ಆ ಪಟ್ಟಿಯಲ್ಲಿ ಲೆಕ್ಕದ ಬಗ್ಗೆ ಒಂದು ಸಾಲೂ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಾತುಗಾರಿಕೆ ಇದೆ, ದೂರದೃಷ್ಟಿ ಇದೆ. ಸ್ವಂತ ತೋಟದ ಕಾಫಿಗೂ ಬೆಲೆ ಕಟ್ಟುವ ಗುಣ ಇಲ್ಲ. ಕೊಡಗಿನಲ್ಲಿ ಮನೆ ಉತ್ಪನ್ನ ಮಾರಲು ಹೊರಟ ಹಲವರಲ್ಲಿ ಇದೇ ತಪ್ಪು ನೋಡಿದ್ದೇನೆ. ಅಡುಗೆಯ ಹುಳಿಗೆ ಹಾಕುವ ಕಾಚಂಪುಳಿ ಆಗಲಿ, ಜೇನಾಗಲಿ, ಉಪ್ಪಿನಕಾಯಿ ಆಗಲಿ, ಮನೆಯದ್ದು ಎಂದ ಕೂಡಲೇ ಬೆಲೆ ಸೊನ್ನೆ.

ಇದರ ಹಿಂದೆ ಒಂದು ಹಳೇ ಕಥೆಯೂ ಇದೆ. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರುವ ದಾಸ್ತಾನಿಗೆ, ಕೊಡಬೇಕಿತ್ತು. ಮಾರುವ ಕೆಲಸ ಬೋರ್ಡಿನದ್ದು, ಹಣ ಕಂತಿನಲ್ಲಿ ಬರುತ್ತಿತ್ತು. ಸುಮಿತ್ರಾ ಅವರ ಮಾವ ಆ ಕಾಲದವರು. ಬೆಳೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಗಿರಾಕಿಯ ಮುಂದೆ ನಿಂತು ಬೆಲೆ ಹೇಳಿದ ಅಭ್ಯಾಸವೇ ಇಲ್ಲ. ಸೊಸೆ ಅಂಗಡಿ ಅಂಗಡಿ ಸುತ್ತುವುದು ಅವರಿಗೆ ಬೇಡುವ ಹಾಗೆ ಕಾಣುತ್ತಿತ್ತು. 18ನೇ ಶತಮಾನದಲ್ಲಿ ರಿಚರ್ಡ್ ಕ್ಯಾಂಟಿಲಾನ್ ಎಂಬಾತ ಉದ್ಯಮಿಯ ಬಗ್ಗೆ ಬರೆದದ್ದು ನೆನಪಾಯಿತು: ಗೊತ್ತಿರುವ ಬೆಲೆಗೆ ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರಲು ಒಪ್ಪಿಕೊಂಡವನು. ಆ ಗೊತ್ತಿಲ್ಲದಿರುವಿಕೆಯೇ ಆ ಮನೆಯಲ್ಲಿ ಎಲ್ಲರ ನಿದ್ದೆ ಕೆಡಿಸಿದ್ದು, ಸುಮಿತ್ರಾ ಅವರದ್ದು ಮಾತ್ರವಲ್ಲ.

ಮೂರನೇ ಭೇಟಿ ಆಗಸ್ಟ್ 4ಕ್ಕೆ. ಹಿಂದಿನ ದಿನ ಕಕ್ಕಡ 18, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಡಬ್ಬಿಯಲ್ಲಿ ಮದ್ದುಸೊಪ್ಪಿನ ಪಾಯಸ ತಂದಿದ್ದರು, ಮೇಜಿನ ಮೇಲಿನ ಕಲೆ ಇನ್ನೂ ಹೋಗಿಲ್ಲ. ಜೊತೆಗೆ ಗಂಡನೂ ಬಂದಿದ್ದರು. ನಾನೇ ಕರೆಸಿದ್ದೆ.

ಅವತ್ತು ಒಂದು ಆಟ ಆಡಿಸಿದೆ. ಕಸದ ಬುಟ್ಟಿ ಗೋಡೆಯ ಹತ್ತಿರ, ಕೈಯಲ್ಲಿ ಹತ್ತು ಪೇಪರ್ ಉಂಡೆ. ಎಲ್ಲಿಂದ ಬೇಕಾದರೂ ಎಸೆಯಿರಿ. ಡೇವಿಡ್ ಮೆಕ್ಲೆಲಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಬಳೆ ಎಸೆಯುವ ಆಟದಲ್ಲಿ ಕಂಡದ್ದು ಇದು. ಸಾಧಿಸುವ ಹಂಬಲ ಇರುವವರು ಬುಟ್ಟಿಯ ಮೇಲೇ ನಿಂತು ಹಾಕುವುದಿಲ್ಲ, ತೀರಾ ದೂರದಿಂದ ಅದೃಷ್ಟಕ್ಕೂ ಎಸೆಯುವುದಿಲ್ಲ. ಕಷ್ಟ, ಆದರೆ ಆಗಬಹುದು ಎನ್ನುವ ನಡುದೂರ ಆರಿಸುತ್ತಾರೆ. ಸುಮಿತ್ರಾ ಮೊದಲ ಎರಡನ್ನು ಹತ್ತಿರದಿಂದ ಹಾಕಿದರು. ಆಮೇಲೆ ತಾವೇ ಒಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ ಹಿಂದೆ. ಆರು ಬಿದ್ದವು. ಅವರ ಗಂಡ ಬಾಗಿಲಿನಿಂದಲೇ ಬೀಸಿದರು. ಒಂದೂ ಬೀಳಲಿಲ್ಲ, ಬಿದ್ದು ಬಿದ್ದು ನಕ್ಕರು. ಒಂದು ಆಟದಿಂದ ಯಾರ ಗುಣವನ್ನೂ ಅಳೆಯಲು ಆಗುವುದಿಲ್ಲ, ಅದನ್ನೂ ಅವರಿಗೆ ಹೇಳಿದೆ. ನನಗೆ ಬೇಕಾಗಿದ್ದದ್ದು ಒಂದೇ. ಅಣ್ಣ ಹೇಳುವ ಧೈರ್ಯ ಬಾಗಿಲಿನಿಂದ ಎಸೆಯುವ ಧೈರ್ಯ ಎಂಬುದು ಅವರ ಕಣ್ಣಿಗೆ ಕಾಣಬೇಕಿತ್ತು.

ಯಂತ್ರದ ಲೆಕ್ಕವನ್ನು ಅಲ್ಲೇ ಬಿಡಿಸಿದೆವು. ಅಣ್ಣ ಹೇಳಿದ್ದು ಕಿರು ಆಹಾರ ಉದ್ಯಮಗಳ ಕೇಂದ್ರ ಯೋಜನೆ. ಯಂತ್ರದ ವೆಚ್ಚದಲ್ಲಿ 35 ಶೇಕಡಾ, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಆಗ ಸಿಗುತ್ತಿತ್ತು. ನಿಜ, ಒಳ್ಳೆಯ ಯೋಜನೆಯೇ. ಆದರೆ ಎಂಟು ಲಕ್ಷದಲ್ಲಿ ಕೈಯಿಂದ 10 ಶೇಕಡಾ ಅಂದರೆ 80,000, ಸಹಾಯಧನ 2,80,000. ಉಳಿದ 4,40,000 ಬಡ್ಡಿ ಸಮೇತ ಕಟ್ಟಬೇಕಾದ ಸಾಲ. ಒಂದು ಸಲಕ್ಕೆ 15 ಕೆಜಿ ಹುರಿಯುವ ಯಂತ್ರಕ್ಕೆ ಅವರ ಐದು ತಿಂಗಳ ಮಾರಾಟ ಒಂದು ಬೆಳಗಿನ ಕೆಲಸ. ಮಿಕ್ಕ ದಿನ ಅದು ಸುಮ್ನೆ ಕೂರುತ್ತದೆ, ಕಂತು ಮಾತ್ರ ಕೂರುವುದಿಲ್ಲ.

ನಾನು ಕೊಟ್ಟ ಸಲಹೆ ಇದು. ಯಂತ್ರ ಈಗ ಬೇಡ, ಬಾಡಿಗೆಗೆ ಹುರಿಸುವುದನ್ನೇ ಮುಂದುವರಿಸಿ. ಹೋದರೂ ಮನೆ ಅಲ್ಲಾಡದ ಮೊತ್ತ ಎಷ್ಟು ಎಂದು ಗಂಡ ಹೆಂಡತಿ ಕೂತು ಬರೆಯಿರಿ. ಅವರು 40,000 ಎಂದು ಬರೆದರು, ಗಡುವು ಮಾರ್ಚ್ ಕೊನೆ. ತೋಟದ ಪತ್ರ, ಮಗಳ ಓದಿನ ಹಣ ಇದಕ್ಕೆ ಸೇರುವಂತಿಲ್ಲ. ಆ ಮಿತಿ ಮುಟ್ಟಿದರೆ ನಿಲ್ಲಿಸುವುದು, ನಿಲ್ಲಿಸಿದರೆ ಯಾರೂ ಯಾರನ್ನೂ ಅನ್ನುವಂತಿಲ್ಲ. ಈ ಕೊನೆಯ ಮಾತನ್ನು ಗಂಡನ ಕೈಯಲ್ಲೇ ಬರೆಸಿದೆ. ಉದ್ಯಮ ಮುಳುಗುವುದಕ್ಕಿಂತ ಮುಳುಗಿದ ಮೇಲಿನ ಚುಚ್ಚುಮಾತಿಗೆ ಹೆದರುವವರು ಹೆಚ್ಚು. ಹೆಂಗಸರಂತೂ ಇನ್ನೂ ಹೆಚ್ಚು.

ಮಾತುಗಾರಿಕೆ ಬಗ್ಗೆ ಅವರಿಗೆ ದೊಡ್ಡ ಕೊರಗು ಇತ್ತು. ಭಾಷಣ ಮಾಡಲು ಬಾರದು ಅಂದರು. ಭಾಷಣ ಬೇಡ, ವಾರಕ್ಕೆ ಇಬ್ಬರು ಹೊಸ ಗಿರಾಕಿಯ ಹತ್ತಿರ ಹೋಗಿ ಮೂರೇ ಪ್ರಶ್ನೆ ಕೇಳಿ ಎಂದೆ. ಈಗ ಯಾವ ಪುಡಿ ತಗೋತೀರಿ? ಅದರಲ್ಲಿ ಏನು ಹಿಡಿಸೋದಿಲ್ಲ? ಚಿಕೋರಿ ಎಷ್ಟು ಇರಬೇಕು? ಬೇಡ ಅಂದವರ ಕಾರಣವನ್ನು ಬರೆದುಕೊಳ್ಳಿ. ಮೊದಲ ಭೇಟಿ ಪ್ಯಾಕೆಟ್ ವಾಪಸ್ ಕಳಿಸಿದ ಹೋಂಸ್ಟೇಗೇ. ಇದಕ್ಕೆ ಅವರು ಒಪ್ಪಲು ಅರ್ಧ ಗಂಟೆ ಹಿಡಿಯಿತು.

ಆಹಾರ ಸುರಕ್ಷತಾ ನೋಂದಣಿ ಹೇಗೂ ಮಾಡಿಸಲೇಬೇಕು, ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಯೂ ಇದ್ದರೆ ಒಳ್ಳೆಯದು ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದ ದಾರಿ ತೋರಿಸಿದೆ. ಸ್ವಉದ್ಯೋಗ ತರಬೇತಿ ಸಂಸ್ಥೆಗಳ ಬಗ್ಗೆಯೂ ಹೇಳಿದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯವು, ಊಟ ವಸತಿ ಸಮೇತ ಉಚಿತ. ಗುಣಗಳು ಹುಟ್ಟಿನಿಂದ ಬರುತ್ತವೆ ಎಂದು ಅವರ ಅತ್ತೆ ನಂಬಿದ್ದರಂತೆ. ಅದೇ ಮೆಕ್ಲೆಲಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ ನೋಡಿದ್ದರು. ತರಬೇತಿ ಪಡೆದವರು ಆಮೇಲೆ ಬೇರೆಯವರಿಗಿಂತ ಹೆಚ್ಚು ಚುರುಕಾಗಿ ವ್ಯವಹಾರ ಬೆಳೆಸಿದರು. ಕಲಿತರೆ ಬರುತ್ತದೆ ಎಂದು ಅತ್ತೆಗೆ ಹೇಳಿ ಅಂದೆ. “ಅತ್ತೆಗೆ ಅಮೆರಿಕದವರ ಮಾತು ಬೇಡ ಮೇಡಂ, ಡಬ್ಬಿಯಲ್ಲಿ ದುಡ್ಡು ಕಂಡ್ರೆ ಸಾಕು” ಅಂದರು.

ಒಂದು ವಿಷಯದಲ್ಲಿ ನಾನು ಎಡವಿದೆ. ಬೆಲೆಯನ್ನು ಒಂದೇ ಸಲ 600ಕ್ಕೆ ಏರಿಸಿ ಎಂದಿದ್ದೆ. ನೆಂಟರಲ್ಲಿ ಅರ್ಧ ಜನ ಬಿಟ್ಟುಹೋದರು. ಸುಮಿತ್ರಾ ನನ್ನನ್ನು ಕೇಳದೆ 540ಕ್ಕೆ ಇಳಿಸಿದರು, 100 ಗ್ರಾಂನ ಸಣ್ಣ ಪ್ಯಾಕೆಟ್ ಹೊರಡಿಸಿದರು. ಅದು ಹೋಂಸ್ಟೇ ಅತಿಥಿಗಳು ಊರಿಗೆ ಒಯ್ಯಲು ಹಿಡಿಸಿತು. ಹೌದು, ಅದೇ ಹೋಂಸ್ಟೇ. ಗುಟ್ಟು ಬೆಳ್ಳಿ ಕವರು.

ನಿದ್ದೆ ಸೆಪ್ಟೆಂಬರ್ ಹೊತ್ತಿಗೆ ಸರಿಯಾಯಿತು. ಅಣ್ಣ ಇನ್ನೂ ಮಾತು ಬಿಟ್ಟಿದ್ದಾರೆ. ಅದಕ್ಕೆ ನನ್ನ ಹತ್ತಿರ ಸಲಹೆ ಇಲ್ಲ, ಕಾಯಿರಿ ಎಂದಿದ್ದೇನೆ.

ಜನವರಿಯಲ್ಲಿ ಫೋನ್ ಮಾಡಿದ್ದರು. ಕುಯ್ಲು ನಡೆಯುತ್ತಿತ್ತು, ಹಿಂದೆ ಜನರ ಗಲಾಟೆ. ಆ 40,000ದಲ್ಲಿ 11,000 ಮುಟ್ಟಿದ್ದೇನೆ, ಬಾಕಿ ಹಾಗೇ ಇದೆ ಅಂದರು. ಈ ಸಲ ಕಣದಲ್ಲಿ ನಾಲ್ಕು ಚೀಲ ಬೇರೆ ತೆಗೆದಿಟ್ಟಿದ್ದಾರಂತೆ, ಮಾವನೇ ಆರಿಸಿ ಕೊಟ್ಟದ್ದು. ವ್ಯಾಪಾರಿಯ ಬೆಲೆಗೆ ಮಾವನಿಂದ ಕೊಂಡಿದ್ದೇನೆ, ಪುಸ್ತಕದಲ್ಲಿ ಬರೆದಿದ್ದೇನೆ ಎಂದರು. ಆ ಹತ್ತು ಗುಣಗಳ ಕಾಗದ ಏನಾಯಿತು ಎಂದು ಕೇಳಿದೆ. ಹಿಂಬದಿ ಖಾಲಿ ಇತ್ತಲ್ಲ, ಬೇಡ ಅಂದವರ ಪಟ್ಟಿ ಅದರಲ್ಲೇ ಬರೆಯುತ್ತಿದ್ದೇನೆ, ತುಂಬುತ್ತಾ ಬಂತು ಅಂದರು. ಅಷ್ಟರಲ್ಲಿ ಹಣ್ಣು ತೂಕ ಹಾಕಲು ಯಾರೋ ಕರೆದರು. ಆಮೇಲೆ ಮಾಡ್ತೀನಿ ಮೇಡಂ ಎಂದು ಇಟ್ಟರು.