ದೇವರು ಕ್ಷಮಿಸಿದ್ದಾನೆ ಸರಿ, ರೈತರ ದುಡ್ಡು ಎಲ್ಲಿ?

ಪ್ರಶ್ನೆ: ಅಕ್ಕಾ, ನನಗೆ 41 ವರ್ಷ. ಕೋಲಾರದ ಒಂದು ಟೊಮೆಟೊ ಮಂಡಿಯಲ್ಲಿ ರೈಟರ್ ಕೆಲಸ. ಹರಾಜು ಮುಗಿದ ಮೇಲೆ ರೈತರಿಗೆ ಪಟ್ಟಿ ಬರೆಯುವವನೂ ನಾನೇ, ಕ್ಯಾಶ್ ಎಣಿಸಿ ಕೊಡುವವನೂ ನಾನೇ. ಕೂಗಿದ ರೇಟಿಗಿಂತ ಬಾಕ್ಸಿಗೆ ಐದೋ ಹತ್ತೋ ಕಮ್ಮಿ ಬರೆಯುವುದು, ಒಂದೆರಡು ಬಾಕ್ಸ್ ಡ್ಯಾಮೇಜ್ ಅಂತ ಹಾಕುವುದು, ಹೀಗೆ ಶುರುವಾಯಿತು. ಓನರಿಗೆ ಗೊತ್ತಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದಾಗ ಜಾಸ್ತಿ ಹೊಡೆದೆ. ಇಲ್ಲಿವರೆಗೆ ಒಟ್ಟು ಮೂರು ಲಕ್ಷದ ಹತ್ತಿರ ಇರಬಹುದು. ನಾವು ತಾತನ ಕಾಲದಿಂದ ಕ್ರೈಸ್ತರು. ಪ್ರತಿ ರಾತ್ರಿ ಮೊಣಕಾಲೂರಿ ಪಾಪ ಒಪ್ಪಿಕೊಳ್ಳುತ್ತೇನೆ. ಗಳಿಕೆಯ ಹತ್ತನೇ ಒಂದು ಪಾಲು ಚರ್ಚಿಗೆ ಕೊಡುವ ದಶಮಾಂಶ ತಪ್ಪಿಸಿಲ್ಲ, ಆ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿಯೇ ಕೊಟ್ಟಿದ್ದೇನೆ. ಮೊದಮೊದಲು ಅಳು ಬರುತ್ತಿತ್ತು, ಈಗ ಬರುವುದಿಲ್ಲ. ಪಟ್ಟಿ ಬರೆಯುವಾಗಲೇ 'ರಾತ್ರಿ ಕೇಳಿಕೊಂಡರಾಯ್ತು' ಅಂತ ಮನಸ್ಸಿಗೆ ಬರುತ್ತದೆ.

ಹೋದ ತಿಂಗಳು ಮುಳಬಾಗಿಲು ಕಡೆಯ ವಯಸ್ಸಾದ ರೈತರೊಬ್ಬರು ಪಟ್ಟಿ ಬಿಚ್ಚಿಯೂ ನೋಡದೆ ಜೇಬಿಗಿಟ್ಟುಕೊಂಡು, 'ನೀನು ಚರ್ಚಿಗೆ ಹೋಗೋನಪ್ಪಾ, ನೋಡೋದೇನಿದೆ' ಅಂದರು. ಅವರದ್ದರಲ್ಲೂ ಎರಡು ಬಾಕ್ಸ್ ತೆಗೆದಿದ್ದೆ. ಅವತ್ತು ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ಆಗಿನಿಂದ ಆ ದುಡ್ಡಲ್ಲಿ ಕೊಂಡ ಬೈಕ್ ಹತ್ತುತ್ತಿಲ್ಲ, ಚರ್ಚಿಗೆ ಆಟೋದಲ್ಲಿ ಬರುತ್ತಾಳೆ. ನನ್ನ ಷಡ್ಡಕ ಮಾತ್ರ, 'ಯೇಸುವಿನ ರಕ್ತ ಎಲ್ಲ ತೊಳೆದಿದೆ, ಮತ್ತೆ ಕೆದಕುವುದೇ ಅವಿಶ್ವಾಸ, ಆತನ ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೇ ಕ್ಷಮೆ ಸಿಗಲಿಲ್ವಾ' ಅನ್ನುತ್ತಾನೆ. ಈ ಸಲ ಚರ್ಚ್ ಸಭೆಯ ಕಮಿಟಿಗೆ ನಿಲ್ಲಿ ಅಂತ ಬೇರೆ ಎಲ್ಲರೂ ಒತ್ತಾಯ ಮಾಡುತ್ತಿದ್ದಾರೆ. ಕ್ಷಮೆಯೇ ಇಲ್ಲದ ಪಾಪ ಅಂತಾರಲ್ಲ, ಅದನ್ನು ಮಾಡಿಬಿಟ್ಟಿದ್ದೇನಾ? ದೇವರು ಕ್ಷಮಿಸಿದ ಮೇಲೆ ಇನ್ನೇನು ಮಾಡಬೇಕು?

— ಹೆಸರು ಬೇಡ, ಕೋಲಾರ

ಉತ್ತರ: ತಮ್ಮಾ, ಆ ಭಯದ ವಿಷಯ ಮೊದಲು ಮುಗಿಸಿಬಿಡೋಣ. ಕ್ಷಮೆ ಇಲ್ಲದ ಪಾಪದ ಮಾತು ಬೈಬಲ್‌ನಲ್ಲಿ ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಬರುತ್ತದೆ. ಜೆರೂಸಲೇಮಿನಿಂದ ಬಂದ ಶಾಸ್ತ್ರಿಗಳು ಯೇಸುವಿಗೇ ದೆವ್ವ ಹಿಡಿದಿದೆ ಅಂದಾಗ, ದೇವರ ಕೆಲಸವನ್ನೇ ಸೈತಾನನ ಕೆಲಸ ಅಂದಾಗ, ಅವರಿಗೆ ಕೊಟ್ಟ ಎಚ್ಚರಿಕೆ ಅದು. ನೀವು ಹಾಗೆ ಅಂದಿಲ್ಲ. ಆ ಪಾಪ ಮಾಡಿಬಿಟ್ಟೆನಾ ಅಂತ ನಿದ್ದೆ ಕೆಡಿಸಿಕೊಳ್ಳುವವರು ಅದನ್ನು ಮಾಡಿಲ್ಲ ಅಂತಲೇ ಹಿರಿಯ ಪಾದ್ರಿಗಳು ಧೈರ್ಯ ಹೇಳುತ್ತಾರೆ. ಆದರೆ ಈ ಧೈರ್ಯವನ್ನು ಕಟ್ಟಿಕೊಂಡು ನಾಳೆ ಮತ್ತೆ ಮಂಡಿಗೆ ಹೋಗಿ ಕೂತುಬಿಡಬೇಡಿ. ನಿಮಗೆ ಹಿಡಿದಿರುವ ಕಾಯಿಲೆಯೇ ಅದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಮೂರು ಲಕ್ಷ ಅಲ್ಲ. 'ರಾತ್ರಿ ಕೇಳಿಕೊಂಡರಾಯ್ತು' ಅನ್ನೋ ಮಾತು. ತಪ್ಪು ಮಾಡಿ ಆಮೇಲೆ ಅತ್ತವರು ಬೈಬಲ್ ತುಂಬಾ ಇದ್ದಾರೆ. ಯೇಸುವಿನ ಶಿಷ್ಯ ಪೇತ್ರನನ್ನೇ ನೋಡಿ, ಯೇಸುವನ್ನು ಹಿಡಿದ ರಾತ್ರಿ ಮೂರು ಸಲ 'ಆ ಮನುಷ್ಯ ಯಾರೋ ಗೊತ್ತಿಲ್ಲ' ಅಂದ, ಕೋಳಿ ಕೂಗಿತು, ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ಆದರೆ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದಾಗ ಅವನು, ಈಗ ಇಲ್ಲ ಅಂದುಬಿಡೋಣ, ಕೋಳಿ ಕೂಗಿದಾಗ ಅತ್ತರೆ ಸರಿಹೋಗುತ್ತೆ ಅಂತ ಲೆಕ್ಕ ಹಾಕಿರಲಿಲ್ಲ. ನೀವು ಹಾಕುತ್ತಿದ್ದೀರಿ. ಹಗಲು ಪೆನ್ನು ಹಿಡಿದಾಗಲೇ ರಾತ್ರಿಯ ಪ್ರಾರ್ಥನೆ ರೆಡಿ ಇದೆ. ಹಾಗಾದರೆ ಆ ಪ್ರಾರ್ಥನೆ ಪಾಪದ ಎದುರು ನಿಂತಿಲ್ಲ ತಮ್ಮಾ, ಪಾಪದ ಜೊತೆಗೇ ಕೂತು ಕೆಲಸ ಮಾಡುತ್ತಿದೆ. ಅದಿಲ್ಲದಿದ್ದರೆ ನಿಮಗೆ ಇಷ್ಟು ದಿನ ಕದಿಯುವ ಧೈರ್ಯ ಬರುತ್ತಿತ್ತಾ? ಯೋಚನೆ ಮಾಡಿ.

ಇದು ಹೊಸ ರೋಗವೇನಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲನ ಕಾಲದಲ್ಲೇ ಈ ಪ್ರಶ್ನೆ ಎದ್ದಿತ್ತು. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಲೇ ಇರೋಣವಾ ಅಂತ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ತಾನೇ ಕೇಳಿ, ಎಂದಿಗೂ ಇಲ್ಲ ಅಂತ ತಾನೇ ಉತ್ತರ ಕೊಡುತ್ತಾನೆ. ನಾಲ್ಕನೇ ಶತಮಾನದಲ್ಲಿ ಇನ್ನೊಂದು ದಾರಿ ಕಂಡುಕೊಂಡಿದ್ದರು. ದೀಕ್ಷಾಸ್ನಾನ ಹಿಂದಿನ ಪಾಪವನ್ನೆಲ್ಲ ತೊಳೆಯುತ್ತೆ ತಾನೇ, ಹಾಗಿದ್ದರೆ ಅದನ್ನು ಸಾಯುವ ಹೊತ್ತಿಗೆ ಇಟ್ಟುಕೊಳ್ಳೋಣ ಅಂತ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡ ದೀಕ್ಷಾಸ್ನಾನ ತೆಗೆದುಕೊಂಡಿದ್ದು 337ರಲ್ಲಿ, ಹಾಸಿಗೆ ಹಿಡಿದ ಮೇಲೆ. ಅವನ ಮನಸ್ಸಿನಲ್ಲಿ ಏನಿತ್ತೋ ಅವನಿಗೇ ಗೊತ್ತು. ಆದರೆ ಹಾಗೆ ಮುಂದೂಡುವವರನ್ನು ಆ ಕಾಲದ ಬೋಧಕರು ಗದರಿಸುತ್ತಿದ್ದರು. ಅವರು ಸಾಯುವ ದಿನಕ್ಕೆ ಮುಂದೂಡಿದರು, ನೀವು ರಾತ್ರಿ ಊಟ ಆದಮೇಲಕ್ಕೆ ಮುಂದೂಡಿದ್ದೀರಿ, ಅಷ್ಟೇ ವ್ಯತ್ಯಾಸ.

ನಿಮ್ಮ ಷಡ್ಡಕರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಅಪಾಯ. ಪಾಪ ಒಪ್ಪಿಕೊಂಡರೆ ಆತನು ಕ್ಷಮಿಸಿ ಶುದ್ಧ ಮಾಡುತ್ತಾನೆ ಅನ್ನುವ ಯೋಹಾನನ ಮೊದಲ ಪತ್ರದ ಮಾತು ಅವರ ಬಾಯಲ್ಲಿ ಸದಾ ಇರಬೇಕು. ಅದೇ ಅಧ್ಯಾಯದಲ್ಲಿ ಮೂರು ವಚನ ಮೇಲಕ್ಕೆ ಹೋಗಿ ನೋಡಲು ಹೇಳಿ. ದೇವರ ಜೊತೆ ಇದ್ದೇನೆ ಅಂತ ಹೇಳುತ್ತಾ ಕತ್ತಲಲ್ಲಿ ನಡೆಯುವವನು ಸುಳ್ಳುಗಾರ ಅಂತ ಅಲ್ಲೂ ಬರೆದಿದೆ. ಇನ್ನು ಶಿಲುಬೆಯ ಮೇಲಿದ್ದ ಕಳ್ಳ. ಅವನಿಗೆ ಇದ್ದಿದ್ದೇ ಕೆಲವು ಗಂಟೆ, ಅದರಲ್ಲಿ ಅವನು ಮಾಡಬಹುದಾಗಿದ್ದನ್ನೆಲ್ಲ ಮಾಡಿದ. ನನಗೆ ಸಿಕ್ಕಿರುವ ಶಿಕ್ಷೆ ನ್ಯಾಯವಾದದ್ದೇ ಅಂತ ಎಲ್ಲರಿಗೂ ಕೇಳುವ ಹಾಗೆ ಒಪ್ಪಿಕೊಂಡ. ಕದ್ದದ್ದನ್ನು ವಾಪಸ್ ಕೊಡೋಣ ಅಂದರೂ ಕೈಗೆ ಮೊಳೆ ಹೊಡೆದಿತ್ತು. ನಿಮ್ಮ ಎರಡೂ ಕೈ ಚೆನ್ನಾಗಿವೆ.

ಸಾಲಮನ್ನಾ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಚುನಾವಣೆ ಹತ್ತಿರ ಬಂದರೆ ಸಾಕು, ಹೇಗೂ ಮನ್ನಾ ಆಗುತ್ತೆ ಅಂತ ಕಟ್ಟುವ ಶಕ್ತಿ ಇದ್ದವರೂ ಕಂತು ನಿಲ್ಲಿಸುವುದನ್ನು ನೋಡಿದ್ದೇವೆ. ಮನ್ನಾ ಅಂದರೆ ಸಾಲ ಮಾಯವಾಗಿಬಿಡುವುದಿಲ್ಲ, ಬ್ಯಾಂಕಿಗೆ ಇನ್ಯಾರೋ ಕಟ್ಟಬೇಕು. ಶಿಲುಬೆ ಅಂತ ನಾವು ಹೇಳುವುದೂ ಅದನ್ನೇ, ಕಟ್ಟಿದವನು ಒಬ್ಬನಿದ್ದಾನೆ, ರಕ್ತ ಸುರಿಸಿ ಕಟ್ಟಿದ್ದಾನೆ. ಅದು ಗೊತ್ತಿದ್ದೂ ದಿನಾ ಹೊಸ ಸಾಲ ಬರೆಸುವವನಿಗೆ, ಕಟ್ಟಿದವನ ಮೇಲೆ ಪ್ರೀತಿ ಇದೆ ಅಂತ ಹೇಗೆ ನಂಬುವುದು? ದೇವರಿಗೆ ನಿಮ್ಮನ್ನು ಕ್ಷಮಿಸಿ ಸಾಕಾಗಿದೆ ಅಂತ ನಾನು ಹೇಳುತ್ತಿಲ್ಲ. ಆತನಿಗೆ ಸಾಕಾಗುವುದಿಲ್ಲ. ಮರಗಟ್ಟಿರುವುದು ನಿಮ್ಮ ಕಡೆ. ಅಳು ನಿಂತಿದೆ ಅಂತ ನೀವೇ ಬರೆದಿದ್ದೀರಲ್ಲ. ಇನ್ನೊಂದು ವರ್ಷ ಹೀಗೇ ಹೋದರೆ ರಾತ್ರಿ ಮೊಣಕಾಲೂರುವುದೂ ನಿಲ್ಲುತ್ತದೆ, ಆಮೇಲೆ ಯಾರಾದರೂ ಬಂದು ಕ್ಷಮೆ ತಗೋ ಅಂದರೆ ಯಾವುದಕ್ಕೆ ಅಂತ ಕೇಳುತ್ತೀರಿ. ಸತ್ಯ ತಿಳಿದ ಮೇಲೂ ಬೇಕಂತಲೇ ಪಾಪ ಮಾಡುತ್ತಾ ಹೋದರೆ ಏನಾಗುತ್ತೆ ಅಂತ ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯ ಹೇಳುತ್ತದೆ. ಒಬ್ಬರೇ ಕೂತು ಓದಿ. ಷಡ್ಡಕರನ್ನು ಕರೆಯಬೇಡಿ, ಅವರು ಅದಕ್ಕೂ ಏನೋ ಒಂದು ಸಮಾಧಾನ ಹೇಳುತ್ತಾರೆ.

ದಶಮಾಂಶದ ವಿಷಯ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕದ್ದದ್ದರಲ್ಲಿ ಹತ್ತನೇ ಒಂದು ಪಾಲು ದೇವರಿಗೆ! ಯೇಸು ದೇವಾಲಯದಲ್ಲಿ ಮೇಜುಗಳನ್ನು ಕೆಡವಿ, ಇದನ್ನು ಕಳ್ಳರ ಗವಿ ಮಾಡಿದ್ದೀರಿ ಅಂದದ್ದು ಎಲ್ಲರಿಗೂ ಗೊತ್ತು. ದೇವಾಲಯದ ಒಳಗೆ ಕೂತು ಮೋಸ ಮಾಡುತ್ತಿದ್ದರು, ಅದಕ್ಕೆ ಬೈದ ಅಂತ ತಿಳಿದುಕೊಂಡು ನಾವು ಮುಂದಕ್ಕೆ ಹೋಗುತ್ತೇವೆ. ಆ ಮಾತು ಬಂದಿದ್ದು ಪ್ರವಾದಿ ಯೆರೆಮೀಯನ ಗ್ರಂಥದ 7ನೇ ಅಧ್ಯಾಯದಿಂದ, ಅಲ್ಲಿ ಓದಿದರೆ ಮೈ ಜುಂ ಅನ್ನುತ್ತದೆ. ಕದಿಯುತ್ತೀರಿ, ಸುಳ್ಳಾಣೆ ಇಡುತ್ತೀರಿ, ಆಮೇಲೆ ನನ್ನ ಆಲಯಕ್ಕೆ ಬಂದು ನಿಂತು ನಾವು ಪಾರಾದೆವು ಅನ್ನುತ್ತೀರಿ, ಮತ್ತೆ ಅದನ್ನೇ ಮಾಡುವುದಕ್ಕಾ, ಇದೇನು ಕಳ್ಳರ ಗವಿಯಾ ಅಂತ ದೇವರು ಕೇಳುತ್ತಾನೆ. ಕಳ್ಳರು ಗವಿಯಲ್ಲಿ ಕದಿಯುವುದಿಲ್ಲ ತಮ್ಮಾ. ಹೊರಗೆ ಕದ್ದು ಬಂದು ಅಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ಭಾನುವಾರದ ಆರಾಧನೆ ನಿಮಗೆ ಸುರಕ್ಷಿತವಾದ ಜಾಗ ಆಗಿಬಿಟ್ಟಿದೆ. ಪಾಪದ ಅರಿಕೆಯನ್ನು ಎಲ್ಲರ ಜೊತೆ ಓದುತ್ತೀರಿ, ಆ ಗುಂಪಿನ ದನಿಯಲ್ಲಿ ನಿಮ್ಮ ಮೂರು ಲಕ್ಷ ಯಾರಿಗೂ ಕೇಳಿಸುವುದಿಲ್ಲ.

ಆ ಮುಳಬಾಗಿಲಿನ ಹಿರಿಯರ ಬಗ್ಗೆ ಒಂದು ಮಾತು. ಸಾವಿರ ಅಡಿ ದಾಟಿದ ಬೋರ್‌ವೆಲ್, ಕಡ್ಡಿ ನೆಟ್ಟು ದಾರ ಕಟ್ಟುವ ಕೂಲಿ, ಔಷಧಿ, ಬಾಕ್ಸ್ ಬಾಡಿಗೆ, ಟೆಂಪೋ ಬಾಡಿಗೆ, ಇಷ್ಟೆಲ್ಲ ಆದಮೇಲೆ ರೇಟು ಬಿದ್ದರೆ ರಸ್ತೆ ಬದಿಗೆ ಸುರಿದು ಹೋಗುವವರು ನಮ್ಮ ಕಡೆಯ ರೈತರು, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಪರೂಪಕ್ಕೆ 2023ರಂಥ ವರ್ಷ ಬಂದಾಗ ನೀವು ತೆಗೆದ ಎರಡು ಬಾಕ್ಸ್ ಅಂದರೆ ನಾಲ್ಕು ಸಾವಿರ ರೂಪಾಯಿ. ಇಷ್ಟು ದಿನ ನೀವು ದೇವರ ಹತ್ತಿರ ಕ್ಷಮೆ ಕೇಳಿದ್ದೀರಿ. ರೈತರ ಹತ್ತಿರ ಒಂದು ಸಲವೂ ಕೇಳಿಲ್ಲ. ದೇವರು ಸುಲಭಕ್ಕೆ ಸಿಗುತ್ತಾನೆ, ಬಾಗಿಲು ಹಾಕಿಕೊಂಡು ಮಾತಾಡಬಹುದು, ತಿರುಗಿಸಿ ಬೈಯುವುದಿಲ್ಲ, ದುಡ್ಡು ಎಲ್ಲಿ ಅಂತ ಕೊರಳಪಟ್ಟಿ ಹಿಡಿಯುವುದಿಲ್ಲ. ಅದಕ್ಕೇ ನೀವು ಅಲ್ಲಿಗೇ ಹೋಗುತ್ತಿದ್ದೀರಿ. ಬಲಿಪೀಠದ ಹತ್ತಿರ ಬಂದಾಗ ನಿನ್ನ ಮೇಲೆ ಯಾರಿಗಾದರೂ ದೂರಿದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದು.

ಈಗ ಏನು ಮಾಡಬೇಕು ಅಂತ ಕೇಳಿದಿರಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ಸಂಡೇ ಸ್ಕೂಲಿನಿಂದ ಕೇಳಿದ್ದೀರಿ, ಯೇಸುವನ್ನು ನೋಡಲು ಮರ ಹತ್ತಿದ್ದು ಮಾತ್ರ ನೆನಪಿರುತ್ತದೆ. ಇಳಿದ ಮೇಲೆ ಅವನು ಏನಂದ ನೋಡಿ, ಯಾರಿಂದಾದರೂ ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಅಷ್ಟು ಕೊಡಬೇಕಾಗಿರಲಿಲ್ಲ. ತಾನಾಗಿ ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಅಂತ ಬೈಬಲ್‌ನ ಅರಣ್ಯಕಾಂಡದ 5ನೇ ಅಧ್ಯಾಯದಲ್ಲಿದೆ. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಯ್ದವನಿಗೆ ಹಾಕುತ್ತಿದ್ದ ದಂಡ. ಜಕ್ಕಾಯ ತನ್ನನ್ನು ಕುರಿಗಳ್ಳನ ಸಾಲಿನಲ್ಲಿ ತಾನೇ ನಿಲ್ಲಿಸಿಕೊಂಡ. ಗಮನಿಸಿ, ಯೇಸು ಅವನಿಗೆ ಕೊಡು ಅಂತ ಹೇಳಿದ ಹಾಗೆ ಎಲ್ಲೂ ಬರೆದಿಲ್ಲ. ನಿನ್ನ ಮನೆಗೆ ಬರುತ್ತೇನೆ ಅಂದ, ಅಷ್ಟೇ. ಕೊಟ್ಟು ಕ್ಷಮೆ ಕೊಂಡುಕೊಳ್ಳಿ ಅಂತ ನಾನೂ ಹೇಳುತ್ತಿಲ್ಲ. ಕ್ಷಮೆ ನಿಜವಾಗಿ ಒಳಗೆ ಇಳಿದವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ನಿಮ್ಮದು ಇನ್ನೂ ಹೋಗಿಲ್ಲ.

ನಾಳೆಯಿಂದ ಪಟ್ಟಿಯಲ್ಲಿ ಒಂದು ರೂಪಾಯಿಯೂ ಕಮ್ಮಿ ಬರೆಯಬೇಡಿ, ಇದಕ್ಕೆ ಯಾರ ಸಲಹೆಯೂ ಬೇಕಿಲ್ಲ. ಆಮೇಲೆ ಲೆಕ್ಕ. ಪಟ್ಟಿ ಪುಸ್ತಕದಲ್ಲಿ ಕಾರ್ಬನ್ ಪ್ರತಿ ಇರಬೇಕಲ್ವಾ? ಹರಾಜಿನಲ್ಲಿ ಕೂಗಿದ ರೇಟು ಖರೀದಿದಾರರ ಲೆಕ್ಕದಲ್ಲಿ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಹೆಂಡತಿಯನ್ನು ಜೊತೆಗೆ ಕೂರಿಸಿಕೊಂಡು ಹೆಸರು ಹೆಸರಾಗಿ ಬರೆಯಿರಿ. 'ಮೂರು ಲಕ್ಷದ ಹತ್ತಿರ' ಅನ್ನೋದು ಲೆಕ್ಕ ಅಲ್ಲ. ಇಂಥ ಊರಿನ ಇಂಥವರಿಗೆ ಇಷ್ಟು ಅಂತ ಬರೆಯುವಾಗ ಬಹುಶಃ ನಿಮ್ಮ ಅಳು ವಾಪಸ್ ಬರುತ್ತದೆ, ಬರದಿದ್ದರೂ ಬರೆಯುವುದು ನಿಲ್ಲಿಸಬೇಡಿ. ಬೈಕ್ ಮಾರಿ. ಉಳಿದದ್ದನ್ನು ತಿಂಗಳು ತಿಂಗಳು ಕಟ್ಟಿಕೊಂಡು ಬನ್ನಿ. ಹುಡುಕಿದರೂ ಸಿಗದ ರೈತರ ಪಾಲನ್ನು ನಿಮ್ಮ ಸಭೆಗೆ ಕಾಣಿಕೆ ಹಾಕಿ ಹೆಸರು ಓದಿಸಿಕೊಳ್ಳಬೇಡಿ, ಕಷ್ಟದಲ್ಲಿರುವ ಬೇರೆ ರೈತರ ಮನೆಗೆ ಸುಮ್ನೆ ತಲುಪಿಸಿ.

ಓನರಿಗೆ ಹೇಳಬೇಕು. ಇದು ಕಷ್ಟದ ಭಾಗ, ಗೊತ್ತು. ಪಟ್ಟಿ ಮೇಲೆ ಇರುವುದು ಅವರ ಮಂಡಿಯ ಹೆಸರು, ನಾಳೆ ರೈತರು ಜಗಳಕ್ಕೆ ಬಂದರೆ ಮರ್ಯಾದೆ ಹೋಗುವುದು ಅವರದು. ಕೆಲಸ ಹೋಗಬಹುದು, ಪೊಲೀಸ್ ಕಂಪ್ಲೇಂಟ್ ಕೂಡ ಆಗಬಹುದು. ಹಾಗೇನೂ ಆಗಲ್ಲ ಅಂತ ಸುಳ್ಳು ಧೈರ್ಯ ನಾನು ಕೊಡುವುದಿಲ್ಲ. ಅದಕ್ಕೇ ಹೇಳುವ ಮುಂಚೆ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ, ಲೆಕ್ಕದ ಕಾಗದ ಮತ್ತು ಮೊದಲ ಕಂತಿನ ದುಡ್ಡು ಕೈಯಲ್ಲಿಟ್ಟುಕೊಂಡು ಹೋಗಿ. ನಿಮ್ಮ ಸಭೆಯ ಅಯ್ಯನವರು, ಅಂದರೆ ಪಾದ್ರಿ, ಬಾಯಿ ಬಿಗಿ ಇರುವವರಾದರೆ ಅವರಿಗೂ ಹೇಳಿ, ಜೊತೆಗೆ ಬರಲು ಕೇಳಿ. ಒಬ್ಬರಿಗೊಬ್ಬರು ಪಾಪ ಒಪ್ಪಿಕೊಳ್ಳಿ ಅಂತ ಯಾಕೋಬನ ಪತ್ರದಲ್ಲಿರುವುದು ಇಂಥ ಹೊತ್ತಿಗೇ. ಆದರೆ ದಯವಿಟ್ಟು ಪ್ರಾರ್ಥನಾ ಕೂಟದಲ್ಲಿ ಮೈಕ್ ಹಿಡಿದು ಸಾಕ್ಷಿ ಹೇಳಲು ಹೋಗಬೇಡಿ. ರೈತರಿಗೆ ದುಡ್ಡು ಸೇರುವ ಮುಂಚೆ ಸಭೆಯವರು ಹಲ್ಲೆಲೂಯಾ ಅಂದುಬಿಟ್ಟರೆ ನೀವು ಅಲ್ಲಿಗೇ ನಿಂತುಬಿಡುತ್ತೀರಿ, ನಿಮ್ಮ ಸ್ವಭಾವ ನೋಡಿದರೆ ನನಗೆ ಹಾಗೇ ಅನ್ನಿಸುತ್ತದೆ.

ನಿಮ್ಮಾಕೆ ಬೈದಿಲ್ಲ, ರಂಪ ಮಾಡಿಲ್ಲ, ತವರಿಗೆ ಹೋಗಿಲ್ಲ. ಆಟೋ ಹತ್ತುತ್ತಿದ್ದಾರೆ. ಅವರನ್ನು ಸಮಾಧಾನ ಮಾಡಲು ವಚನ ಹುಡುಕಬೇಡಿ, ಷಡ್ಡಕರಿಂದ ಹೇಳಿಸಬೇಡಿ. ಮಕ್ಕಳ ಫೀಸಿಗೆ ತೊಂದರೆ ಆದರೆ ಹೇಗೆ ಅಂತ ಅವರ ಜೊತೆಯೇ ಕೂತು ಯೋಚಿಸಿ, ಇಬ್ಬರಲ್ಲಿ ಅವರಿಗೇ ತಲೆ ನೆಟ್ಟಗಿರುವ ಹಾಗೆ ಕಾಣುತ್ತದೆ.

ಕಮಿಟಿಗೆ ಈ ಸಲ ನಿಲ್ಲಬೇಡಿ, ಕಾಣಿಕೆ ಎಣಿಸುವ ಕೆಲಸಕ್ಕಂತೂ ಬೇಡವೇ ಬೇಡ. ಯಾಕೆ ಅಂತ ಜನ ಕೇಳುತ್ತಾರೆ. ಸ್ವಲ್ಪ ಬಾಕಿ ತೀರಿಸುವುದಿದೆ, ಅದು ಮುಗಿಯುವ ತನಕ ಆಗಲ್ಲ ಅನ್ನಿ. ಸುಳ್ಳೇನೂ ಅಲ್ಲವಲ್ಲ.