ಹೊಸ ಫೋನಿಗೆ ಹೊಸ ಜಿಮೇಲ್ ಮಾಡಿಸಬೇಡಿ

ಪ್ರಶ್ನೆ: ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ನೂಕುನುಗ್ಗಲಿನಲ್ಲಿ ಬ್ಯಾಗಿನಿಂದ ಫೋನ್ ಹೋಯಿತು. ಪೊಲೀಸರಿಗೆ ದೂರು ಕೊಟ್ಟೆ. ಅದೇ ನಂಬರಿನ ಹೊಸ ಸಿಮ್ ಇವತ್ತು ಬೆಳಿಗ್ಗೆ ಸಿಕ್ಕಿತು, ಹೊಸ ಆಂಡ್ರಾಯ್ಡ್ ಫೋನೂ ತಂದೆ. ಆದರೆ ಒಂದೇ ಒಂದು ಓಟಿಪಿ ಬರುತ್ತಿಲ್ಲ. ಅಂಗಡಿಯ ಹುಡುಗ "ಹಳೆ ಜಿಮೇಲ್ ಬಿಡಿ ಆಂಟಿ, ಐದೇ ನಿಮಿಷದಲ್ಲಿ ಹೊಸದು ಮಾಡಿಕೊಡ್ತೀನಿ" ಅಂದ. ಮಗ ಪುಣೆಯಲ್ಲಿದ್ದಾನೆ. ಮನೆಯಲ್ಲಿ ಒಂದು ಟ್ಯಾಬ್ ಇದೆ, ಅದರಲ್ಲಿರುವುದು ನನ್ನದೇ ಜಿಮೇಲ್, ನನ್ನ ವಾಟ್ಸಾಪ್ ಕೂಡ ಅದರಲ್ಲಿ ತೆರೆಯುತ್ತದೆ. ತೀರಿಕೊಂಡ ನಮ್ಮ ಅಕ್ಕನ ವಾಯ್ಸ್ ಮೆಸೇಜ್‌ಗಳು ವಾಟ್ಸಾಪ್‌ನಲ್ಲಿವೆ. ಅವೆಲ್ಲ ಹೋಗಿಬಿಡುತ್ತವಾ?
– ನಿವೃತ್ತ ಶಿಕ್ಷಕಿ, ಚಾಮರಾಜಪೇಟೆ

ಉತ್ತರ: ಮೇಡಂ, ನಿಮ್ಮ ಮೇಲ್ ನೋಡಿದ ಕೂಡಲೇ ಎರಡೇ ಸಾಲು ಉತ್ತರ ಕಳಿಸಿದ್ದೆ: ಹೊಸ ಜಿಮೇಲ್ ಮಾಡಿಸಬೇಡಿ, ಟ್ಯಾಬ್‌ನಿಂದ ಲಾಗೌಟ್ ಆಗಬೇಡಿ. ಇದೇ ತೊಂದರೆಯಲ್ಲಿರುವ ಬೇರೆಯವರಿಗೂ ಬೇಕಾಗುತ್ತದೆ ಅಂತ ಉಳಿದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹೊಸ ಜಿಮೇಲ್ ಮಾಡಿಸಿದರೆ ಫೋನ್ ಐದು ನಿಮಿಷದಲ್ಲಿ ಶುರುವಾಗುತ್ತದೆ, ನಿಜ. ಆದರೆ ನಿಮ್ಮ ಫೋನ್ ನಂಬರುಗಳು, ಫೋಟೊಗಳು, ವಾಟ್ಸಾಪ್ ಬ್ಯಾಕಪ್ (ಚಾಟ್‌ಗಳ ಉಳಿಸಿಟ್ಟ ನಕಲು) ಎಲ್ಲ ಇರುವುದು ಹಳೆ ಖಾತೆಯಲ್ಲಿ. ನಮ್ಮ ಅತ್ತೆಯವರ ಫೋನ್ ಕೆಟ್ಟಾಗ ಒಂದು ಅಂಗಡಿಯಲ್ಲಿ ಹೀಗೇ ಹೊಸ ಖಾತೆ ಮಾಡಿಕೊಟ್ಟರು. ಅದರ ಪಾಸ್‌ವರ್ಡ್ ಏನು ಅಂತ ಅತ್ತೆಗೂ ಗೊತ್ತಿರಲಿಲ್ಲ. ಮೊಮ್ಮಗನ ನಾಮಕರಣದ ಫೋಟೊಗಳು ಹಳೆ ಖಾತೆಯಲ್ಲೇ ಉಳಿದವು, ಅದನ್ನು ತೆರೆಯಲು ನಮಗೆ ಇವತ್ತಿಗೂ ಆಗಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅವರ ಹತ್ತಿರ ಟ್ಯಾಬ್ ಇರಲಿಲ್ಲ, ನಿಮ್ಮ ಹತ್ತಿರ ಇದೆ.

ಮೊದಲು ಓಟಿಪಿ ವಿಷಯ. ನಿಮ್ಮ ಸಿಮ್ ಕೆಟ್ಟಿಲ್ಲ. ಕಳೆದ ಸಿಮ್‌ಗೆ ಬದಲು ಹೊಸದು ಕೊಟ್ಟಾಗ ಮೊದಲ 24 ಗಂಟೆ ಎಸ್ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಬೇರೆ ಯಾರೋ ನಿಮ್ಮ ಹೆಸರಲ್ಲಿ ಸಿಮ್ ತೆಗೆದುಕೊಂಡು ಬ್ಯಾಂಕಿನ ದುಡ್ಡು ಎತ್ತಬಾರದು ಅಂತ ಇರುವ ನಿಯಮ ಇದು. ಕರೆಗಳು ಬರುತ್ತವೆ, ಇಂಟರ್‌ನೆಟ್ಟೂ ನಡೆಯುತ್ತದೆ. ಹಾಗಾಗಿ ಆ ಒಂದು ದಿನ ಬ್ಯಾಂಕಿನ ತಂಟೆಗೆ ಹೋಗಬೇಡಿ, ಓಟಿಪಿ ಕಳಿಸು ಕಳಿಸು ಅಂತ ಪದೇ ಪದೇ ಒತ್ತಲೂ ಬೇಡಿ. ಆ ಹೊತ್ತಿನಲ್ಲಿ ಟ್ಯಾಬ್‌ನಿಂದ ಆಗುವ ಕೆಲಸ ಬೇಕಾದಷ್ಟಿದೆ.

ಎಲ್ಲಕ್ಕಿಂತ ಮುಂಚೆ ಅಕ್ಕನ ಧ್ವನಿ. ಹೊಸ ಫೋನಿನಲ್ಲಿ ವಾಟ್ಸಾಪ್ ಶುರು ಮಾಡಿದ ತಕ್ಷಣ ಟ್ಯಾಬ್‌ನಲ್ಲಿರುವ ವಾಟ್ಸಾಪ್ ಕಳಚಿಕೊಳ್ಳುತ್ತದೆ. ಮುಖ್ಯ ಫೋನನ್ನು 14 ದಿನಕ್ಕಿಂತ ಜಾಸ್ತಿ ಬಳಸದಿದ್ದರೂ ಅಷ್ಟೇ, ತಾನಾಗೇ ಲಾಗೌಟ್ ಆಗುತ್ತದೆ. ಆದ್ದರಿಂದ ಅದಕ್ಕೂ ಮೊದಲು ಟ್ಯಾಬ್ ಹಿಡಿದು ಕೂತುಕೊಳ್ಳಿ. ಅಕ್ಕನ ಚಾಟ್ ತೆರೆಯಿರಿ, ಒಂದು ವಾಯ್ಸ್ ಮೆಸೇಜ್ ಮೇಲೆ ಬೆರಳು ಒತ್ತಿ ಹಿಡಿಯಿರಿ, ಅದು ಆಯ್ಕೆಯಾದ ಮೇಲೆ ಉಳಿದವುಗಳ ಮೇಲೂ ಒಂದೊಂದು ಸಲ ಮುಟ್ಟುತ್ತಾ ಹೋಗಿ, ಆಮೇಲೆ ಬಾಣದ ಗುರುತು ಒತ್ತಿ ಮಗನಿಗೆ ಫಾರ್ವರ್ಡ್ ಮಾಡಿ. ಅವು ಸರಿಯಾಗಿ ಕೇಳಿಸುತ್ತವಾ ಅಂತ ಮಗನನ್ನು ಕೇಳಿ. ಅವನು "ಬಂತಮ್ಮ, ಕೇಳಿಸ್ತಿದೆ" ಅಂದ ಮೇಲಷ್ಟೇ ಮುಂದಿನ ಹೆಜ್ಜೆ. ಬ್ಯಾಕಪ್ ಇದೆಯೋ ಇಲ್ಲವೋ, ಇದೊಂದು ಕೆಲಸ ಮಾಡಿದ್ದರೆ ನೀವು ನಿಶ್ಚಿಂತೆಯಿಂದ ಇರಬಹುದು.

ಈಗ ಹೊಸ ಫೋನ್ ಕೈಗೆ ತೆಗೆದುಕೊಳ್ಳಿ. ಭಾಷೆ ಕೇಳಿದಾಗ ಕನ್ನಡ ಆರಿಸಿದರೆ ಮುಂದಿನ ಪರದೆಗಳೆಲ್ಲ ಕನ್ನಡದಲ್ಲೇ ಬರುತ್ತವೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಸುಮ್ನೆ ಇಂಗ್ಲಿಷ್ ಒತ್ತಿ ಕೊಟ್ಟುಬಿಡುತ್ತಾರೆ. ವೈಫೈ ಪಾಸ್‌ವರ್ಡ್ ನೆನಪಿಲ್ಲವಾ? ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈ ತೆರೆದು, ನಿಮ್ಮ ಮನೆಯ ವೈಫೈ ಹೆಸರು ಮುಟ್ಟಿ, ಹಂಚಿಕೊಳ್ಳಿ ಅಂತ ಒತ್ತಿದರೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಹೊಸ ಫೋನಿನ ವೈಫೈ ಪಟ್ಟಿಯ ಹತ್ತಿರ ಸ್ಕ್ಯಾನ್ ಗುರುತು ಇರುತ್ತದೆ, ಅದರಿಂದ ಸ್ಕ್ಯಾನ್ ಮಾಡಿ. ತರಕಾರಿ ಅಂಗಡಿಯಲ್ಲಿ ದುಡ್ಡು ಕೊಡುವ ಹಾಗೇ.

ಆಮೇಲೆ ಗೂಗಲ್ ಖಾತೆ. ಹಳೆ ಜಿಮೇಲ್ ವಿಳಾಸ, ಪಾಸ್‌ವರ್ಡ್ ಹಾಕಿ. ಇದು ನೀವೇನಾ ಅಂತ ಗೂಗಲ್‌ಗೆ ಅನುಮಾನ ಬರುತ್ತದೆ. ಆಗ ಹೊಸ ಫೋನಿನ ಪರದೆ ಮೇಲೆ ಒಂದು ಸಂಖ್ಯೆ ಬರುತ್ತದೆ, 47 ಅಂತಿಟ್ಟುಕೊಳ್ಳಿ. ಅದೇ ಹೊತ್ತಿಗೆ ಟ್ಯಾಬ್‌ನಲ್ಲಿ "ಸೈನ್ ಇನ್ ಮಾಡುತ್ತಿರುವುದು ನೀವೇನಾ?" ಅಂತ ಪ್ರಶ್ನೆ ಬರುತ್ತದೆ. ಹೌದು ಅಂತ ಒತ್ತಿ, ಅಲ್ಲಿ ಕಾಣುವ ಸಂಖ್ಯೆಗಳಲ್ಲಿ 47 ಮುಟ್ಟಿದರೆ ಮುಗಿಯಿತು. ಎಸ್ಎಂಎಸ್ಸೇ ಬೇಕಾಗಿಲ್ಲ. ಎಸ್ಎಂಎಸ್ ಕಳಿಸುತ್ತೇವೆ ಅಂತಲೇ ತೋರಿಸಿದರೆ ಕೆಳಗೆ "ಬೇರೆ ವಿಧಾನ ಪ್ರಯತ್ನಿಸಿ" ಅಂತ ಇರುತ್ತದೆ, ಅದನ್ನು ಒತ್ತಿ. ಒಂದು ಎಚ್ಚರಿಕೆ: ನೀವು ಏನೂ ಮಾಡದೆ ಇರುವಾಗ ಟ್ಯಾಬ್‌ನಲ್ಲಿ ಈ ಪ್ರಶ್ನೆ ಬಂದರೆ ಇಲ್ಲ ಅಂತಲೇ ಒತ್ತಿ. ಫೋನ್ ಕದ್ದವರ ಪ್ರಯತ್ನ ಇರಬಹುದು ಅಲ್ವಾ?

ಇನ್ನು ಜಾಸ್ತಿ ಜನ ಎಡವುವ ಜಾಗ. ಹಳೆಯ ಸಾಧನದಿಂದ ನಕಲು ಮಾಡಬೇಕಾ ಅಂತ ಫೋನ್ ಕೇಳುತ್ತದೆ. ಟ್ಯಾಬ್ ಎದುರಿಗೇ ಇದೆ, ಅದರಿಂದಲೇ ಮಾಡೋಣ ಅನಿಸುತ್ತದೆ. ಬೇಡ. ಟ್ಯಾಬ್‌ನಿಂದ ತಂದರೆ ಟ್ಯಾಬ್‌ನಲ್ಲಿರುವ ಆಟ, ಆ್ಯಪ್‌ಗಳೇ ಬಂದು ಕೂರುತ್ತವೆ. ನಿಮ್ಮ ಕರೆಗಳ ಪಟ್ಟಿ, ಹಳೆ ಎಸ್ಎಂಎಸ್‌ಗಳು ಇದ್ದದ್ದು ಕಳೆದ ಫೋನಿನಲ್ಲಿ. ಹಳೆ ಫೋನ್ ಇಲ್ಲ ಅಂತ ಹೇಳಿ ಕ್ಲೌಡ್ ಬ್ಯಾಕಪ್‌ಗೆ, ಅಂದರೆ ಗೂಗಲ್ ಖಾತೆಯಲ್ಲಿ ಉಳಿದಿರುವ ನಕಲಿಗೆ ಹೋಗಿ. ಅಲ್ಲಿ ಟ್ಯಾಬ್ ಹೆಸರೂ ಇರಬಹುದು, ಬ್ಯಾಕಪ್ ಆನ್ ಇದ್ದಿದ್ದರೆ ಕಳೆದ ಫೋನಿನ ಹೆಸರೂ ಇರುತ್ತದೆ. ಫೋನಿನದ್ದನ್ನೇ ಆರಿಸಿ. ಆದರೆ ಇದನ್ನು ಮುಂದಕ್ಕೆ ಹಾಕಬೇಡಿ, ಫೋನ್ ಬಳಕೆ ನಿಂತು 57 ದಿನವಾದರೆ ಗೂಗಲ್ ಆ ಬ್ಯಾಕಪ್ ಅಳಿಸಿಹಾಕಬಹುದು.

ಈಗ ವಾಟ್ಸಾಪ್. ನಂಬರ್ ಹಾಕಿದ ಮೇಲೆ ಎಸ್ಎಂಎಸ್ ಬರದಿದ್ದರೆ ಕರೆ ಮಾಡಿ ಕೋಡ್ ಹೇಳುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಕರೆ ಬಂದಾಗ ಪೆನ್ನು ಕಾಗದ ಹತ್ತಿರ ಇರಲಿ, 6 ಅಂಕಿಗಳನ್ನು ಓದಿ ಹೇಳುತ್ತಾರೆ. ಬ್ಯಾಕಪ್ ಸಿಕ್ಕಿದೆ, ಮರಳಿ ತರಬೇಕಾ ಅಂತ ಕೇಳಿದಾಗ ಹೌದು ಅನ್ನಿ. ಆತುರದಲ್ಲಿ ಬಿಟ್ಟು ಮುಂದೆ ಹೋದರೆ ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಬೇಕಾಗುತ್ತದೆ. ಹಳೆ ನಂಬರ್, ಹಳೆ ಜಿಮೇಲ್ ಎರಡೂ ಇದ್ದರೆ ಮಾತ್ರ ಈ ಬ್ಯಾಕಪ್ ಸಿಗುವುದು. ಹೊಸ ಜಿಮೇಲ್ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ನೀವು ಹೊಸ ಫೋನಿನಲ್ಲಿ ಶುರು ಮಾಡಿದ ಕೂಡಲೇ ಕದ್ದ ಫೋನಿನಲ್ಲಿ ನಿಮ್ಮ ವಾಟ್ಸಾಪ್ ನಿಂತುಹೋಗುತ್ತದೆ, ಹಾಗಾಗಿ ಅಕ್ಕನ ಮೆಸೇಜ್ ಉಳಿಸಿಕೊಂಡ ಮೇಲೆ ತಡ ಮಾಡಬೇಡಿ.

ಮರುದಿನ ಎಸ್ಎಂಎಸ್ ಶುರುವಾದ ಮೇಲೆ ಯುಪಿಐ. ಇದಕ್ಕೆ ಟ್ಯಾಬ್ ಸಹಾಯ ಆಗುವುದಿಲ್ಲ. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು, ಅದರಿಂದಲೇ ಒಂದು ಎಸ್ಎಂಎಸ್ ಹೋಗಬೇಕು. ಪಿನ್ ಹಳೆಯದೇ ನಡೆಯುತ್ತದೆ. ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ಗಾಂಧಿ ಬಜಾರಿನಲ್ಲಿ ಹೂವು ಹಣ್ಣಿಗೆ ಸಾಕು, ಆಸ್ಪತ್ರೆ ಬಿಲ್ ಇದ್ದರೆ ಕೈಯಲ್ಲಿ ನಗದು ಇಟ್ಟುಕೊಳ್ಳಿ.

ಇನ್ನೆರಡು ಕೆಲಸ. ಟ್ಯಾಬ್‌ನಲ್ಲಿ ಕಳೆದ ಫೋನ್ ಹುಡುಕಿಕೊಡುವ ಗೂಗಲ್‌ನ ಫೈಂಡ್ ಹಬ್ ತೆರೆದು ಕಳೆದ ಫೋನನ್ನು ಲಾಕ್ ಮಾಡಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರಿನ ಪ್ರತಿ ಮತ್ತು ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು ಬ್ಲಾಕ್ ಮಾಡಿಸಿ. ಆ 15 ಅಂಕಿಯ ಸಂಖ್ಯೆ ಹಳೆ ಫೋನಿನ ಡಬ್ಬದ ಮೇಲೆ ಇರುತ್ತದೆ, ಡಬ್ಬ ಅಟ್ಟದ ಮೇಲಿದ್ದರೆ ಇಳಿಸಿ ನೋಡಿ.

ಪ್ರಶ್ನೆ: ನನ್ನ ಹತ್ತಿರ ಐಪ್ಯಾಡ್ ಇದೆ. ಆಂಡ್ರಾಯ್ಡ್ ಫೋನ್ ಬಿಟ್ಟು ಐಫೋನ್ ಕೊಂಡಿದ್ದೇನೆ. ಹಳೆ ಫೋನ್ ಕೈಯಲ್ಲೇ ಇದೆ. ಐಪ್ಯಾಡ್ ಇದ್ದರೆ ಸಾಕಲ್ವಾ?
– ಓದುಗರು, ವಿಜಯನಗರ

ಉತ್ತರ: ಆಪಲ್ ಖಾತೆಗೆ ಸಾಕು. ಹೊಸ ಫೋನಿನಲ್ಲಿ ಸೈನ್ ಇನ್ ಆಗುವಾಗ ಐಪ್ಯಾಡ್ ಮೇಲೆ 6 ಅಂಕಿಯ ಕೋಡ್ ಬರುತ್ತದೆ, ಅದನ್ನು ಹಾಕಿದರಾಯಿತು. ಆದರೆ ವಾಟ್ಸಾಪ್ ಚಾಟ್ ಬೇಕಿದ್ದರೆ ಆಂಡ್ರಾಯ್ಡ್ ಫೋನೇ ಬೇಕು, ಗೂಗಲ್ ಡ್ರೈವ್‌ನಲ್ಲಿರುವ ವಾಟ್ಸಾಪ್ ಬ್ಯಾಕಪ್ ಐಫೋನಿಗೆ ಬರುವುದಿಲ್ಲ. ಹಳೆ ಫೋನಿನಲ್ಲಿ ಆಪಲ್‌ನ ಮೂವ್ ಟು ಐಓಎಸ್ ಆ್ಯಪ್ ಹಾಕಿಕೊಳ್ಳಿ, ಐಫೋನ್ ಶುರು ಮಾಡುವಾಗಲೇ ಆಂಡ್ರಾಯ್ಡ್‌ನಿಂದ ಎಂಬುದನ್ನು ಆರಿಸಿ, ಏನೇನು ಬೇಕು ಅಂತ ಕೇಳುವ ಪಟ್ಟಿಯಲ್ಲಿ ವಾಟ್ಸಾಪ್ ಗುರುತು ಮಾಡಿ. ಎರಡೂ ಫೋನ್ ಚಾರ್ಜಿಗೆ ಹಾಕಿಡಿ. ಇದೆಲ್ಲ ಮುಗಿದು ಐಫೋನಿನಲ್ಲಿ ಹಳೆ ಚಾಟ್‌ಗಳನ್ನು ಕಣ್ಣಾರೆ ನೋಡುವ ತನಕ ಆಂಡ್ರಾಯ್ಡ್ ಫೋನನ್ನು ಅಳಿಸಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ.